ಕರಿ ಲೇಪದಡಿಯ ಕೆಂಪು

ಮೇ ತಿಂಗಳ ನಡುಹಗಲಿನಲ್ಲಿ ಹೊಸಪೇಟೆಯ ಹೊಸ ಡಾಂಬರು ರಸ್ತೆಯನ್ನು ದಾಟಿದವರ ಚಪ್ಪಲಿಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಅದೇ ಡಾಂಬರಿನ ಗಟ್ಟಿಯೊಂದನ್ನು ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಅದು ಗಾಜಿನಂತೆ ಸಿಡಿದು ಚೂರಾಗುತ್ತದೆ, ಒಡೆದ ಅಂಚು ಮಿರುಗುತ್ತದೆ. ಎರಡನ್ನೂ ಕಂಡವರು ಬಹಳ ಮಂದಿ ಇದ್ದಾರೆ, ಆದರೆ ಒಂದೇ ವಸ್ತು ಮಧ್ಯಾಹ್ನ ಮೇಣವೂ ಬೆಳಿಗ್ಗೆ ಗಾಜೂ ಆಗುವುದು ಹೇಗೆಂದು ವಿಚಾರಿಸಿದವರು ಕಡಿಮೆ. ಈ ಪ್ರಶ್ನೆಗೆ ಉತ್ತರ ಬೇಕಾಗುವುದು ವಿಜ್ಞಾನಿಗೆ ಮಾತ್ರವಲ್ಲ, ಹಳೆಯ ಜೀಪನ್ನೋ ಅಂಬಾಸಿಡರನ್ನೋ ಜಾಕ್ ಮೇಲೆ ಎತ್ತಿ ನಿಲ್ಲಿಸಿ, ಅದರ ಹೊಟ್ಟೆಗೆ ಇಪ್ಪತ್ತು ವರ್ಷದ ಹಿಂದೆ ಬಳಿದ ಕಪ್ಪು ಲೇಪವನ್ನು ಕೆರೆದು ತೆಗೆಯಲು ಹೊರಟ ಟಿಂಕರಿಂಗ್ ಕೆಲಸಗಾರನಿಗೂ ಬೇಕಾಗುತ್ತದೆ. ಆ ಲೇಪ ಒಂದು ಗೇಣಿನ ಜಾಗದಲ್ಲಿ ಉಳಿಗೂ ಜಗ್ಗದೆ ಕಚ್ಚಿಕೊಂಡಿರುತ್ತದೆ, ಪಕ್ಕದ ಗೇಣಿನಲ್ಲಿ ಉಗುರಿನಿಂದ ಎತ್ತಿದರೂ ಹಪ್ಪಳದಂತೆ ಎದ್ದು ಬರುತ್ತದೆ, ಎದ್ದು ಬಂದಲ್ಲೆಲ್ಲ ಅಡಿಯಲ್ಲಿ ಕೆಂಪು ಹುಡಿ ಇರುತ್ತದೆ.

ಕಬ್ಬಿಣವನ್ನು ಕಾಯಲೆಂದು ಬಳಿದದ್ದು ಎಲ್ಲಿ ಬಿಟ್ಟುಕೊಡುತ್ತದೆ, ಎಲ್ಲಿ ಬಿಟ್ಟುಕೊಡುವುದಿಲ್ಲ ಎಂಬುದು ಆಕಸ್ಮಿಕವಲ್ಲ.

ಅಡಿಲೇಪ

ವಾಹನದ ತಳದ ತಗಡಿಗೆ ಬಳಿಯುವ ದಪ್ಪ ಪದರವನ್ನು ಗ್ಯಾರೇಜುಗಳಲ್ಲಿ ಅಂಡರ್‌ಕೋಟಿಂಗ್ ಎನ್ನುತ್ತಾರೆ. ಇಲ್ಲಿ ಅದನ್ನು ಅಡಿಲೇಪ ಎಂದು ಕರೆಯಬಹುದು. ಇಂದಿನ ಕಾರುಗಳಿಗೆ ಕಾರ್ಖಾನೆಯಲ್ಲೇ ಪಿವಿಸಿ ಪ್ಲಾಸ್ಟಿಕ್ಕಿನ ಲೇಪ ಬರುತ್ತದೆ. ಹಿಂದಿನ ಅಂಬಾಸಿಡರ್, ಪದ್ಮಿನಿ, ಮಹೀಂದ್ರ ಜೀಪುಗಳಿಗೆ, ಅವುಗಳ ಜೊತೆಗೆ ಗಣಿ ದಾರಿಯ ಲಾರಿಗಳಿಗೆ, ಸಾಮಾನ್ಯವಾಗಿ ಬೀಳುತ್ತಿದ್ದುದು ಡಾಂಬರಿನ ಜಾತಿಯ ಲೇಪವೇ. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳನ್ನು ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಶೇಷಕ್ಕೆ ಬಿಟುಮೆನ್ ಎಂದು ಹೆಸರು. ಜನರು ಡಾಂಬರು ಅಥವಾ ಟಾರು ಎನ್ನುವುದು ಇದನ್ನೇ. ಇದಕ್ಕೆ ರಬ್ಬರಿನ ಪುಡಿ, ಕಲ್ಲುಹಿಟ್ಟು, ನಾರು ಬೆರೆಸಿ, ಹರಿಯುವಷ್ಟು ತೆಳುವಾಗಲು ಎಣ್ಣೆ ಕೂಡಿಸಿದರೆ ಅಡಿಲೇಪ ಸಿದ್ಧವಾಗುತ್ತದೆ.

ಇದರ ಕೆಲಸ ಎರಡು. ಚಕ್ರ ಚಿಮ್ಮಿಸುವ ಕಲ್ಲುಹರಳಿನ ಏಟನ್ನು ತಾನು ತಿಂದು ತಗಡಿನ ಬಣ್ಣವನ್ನು ಉಳಿಸುವುದು ಒಂದು, ನೀರನ್ನು ತಗಡಿಗೆ ತಾಗಗೊಡದಿರುವುದು ಇನ್ನೊಂದು. ಕಾರವಾರ-ಬಳ್ಳಾರಿ ಹೆದ್ದಾರಿಯೂ ಸೋಲಾಪುರದಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯೂ ಸೇರುವ ಹೊಸಪೇಟೆಯಲ್ಲಿ ಈ ಎರಡೂ ಕೆಲಸಕ್ಕೆ ಬಿಡುವಿಲ್ಲ. ಸಂಡೂರಿನ ಕಡೆಯಿಂದ ಇಳಿಯುವ ವಾಹನದ ತಳಕ್ಕೆ ಅದಿರಿನ ನಯವಾದ ಕೆಂಪು ಧೂಳು ಮೆತ್ತಿಕೊಂಡರೆ, ಕಂಪ್ಲಿಯ ಗದ್ದೆಬದಿಯ ದಾರಿಯಲ್ಲಿ ಓಡಾಡುವುದಕ್ಕೆ ಕಾಲುವೆಯ ಕೆಸರು ಮೆತ್ತಿಕೊಳ್ಳುತ್ತದೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ತುಕ್ಕು ಏಕೆ ಎಂದು ಕೇಳುವವರು ಈ ಕೆಸರನ್ನು ಮರೆತಿರುತ್ತಾರೆ. ಮೈಮೇಲಿನ ಗಾಯಕ್ಕೆ ಕಟ್ಟಿದ ಹಸಿ ಪಟ್ಟಿಯಂತೆ ಅದು ಮಡ್‌ಗಾರ್ಡಿನ ಒಳಮಡಿಕೆಗಳಲ್ಲಿ ಕುಳಿತು, ಹೊರಗೆಲ್ಲ ಒಣಗಿದ ಮೇಲೂ ದಿನಗಟ್ಟಲೆ ತೇವವನ್ನು ಹಿಡಿದಿಡುತ್ತದೆ.

ಬೆಲ್ಲದ ಪಾಕದ ಪಾಠ

ಡಾಂಬರಿನ ಸ್ವಭಾವವನ್ನು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ, ಕಬ್ಬಿನ ಸೀಮೆಯ ಆಲೆಮನೆ ಸಾಕು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕ ನೀರಿನಂತೆ ಹರಿಯುತ್ತದೆ, ಸ್ವಲ್ಪ ಆರಿದರೆ ಎಳೆ ಬರುತ್ತದೆ, ಇನ್ನಷ್ಟು ಆರಿದರೆ ತೊಗಲಿನಂತೆ ಬಗ್ಗುತ್ತದೆ, ಪೂರ್ತಿ ತಣಿದ ಮೇಲೆ ಶೇಂಗಾ ಚಿಕ್ಕಿಯಾಗಿ ಲಟ್ಟನೆ ಮುರಿಯುತ್ತದೆ. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ನೀರು ಮಂಜುಗಡ್ಡೆಯಾಗುವಾಗ ಇರುವಂಥ ಖಚಿತವಾದ ಹೆಪ್ಪುಗಟ್ಟುವ ಗಳಿಗೆ ಪಾಕಕ್ಕೆ ಇಲ್ಲ. ಮಂಜುಗಡ್ಡೆಯಲ್ಲಿ ಅಣುಗಳು ಸಾಲುಗಟ್ಟಿ ಕೂರುತ್ತವೆ. ಚಿಕ್ಕಿಯ ಪಾಕದಲ್ಲಿ ಅವು ದ್ರವದಲ್ಲಿದ್ದ ಹಾಗೆಯೇ ಅಡ್ಡಾದಿಡ್ಡಿಯಾಗಿ ಇದ್ದು, ಅಲುಗಾಡುವ ಶಕ್ತಿ ಕುಂದಿ, ಇದ್ದಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗೆ ಸಾಲುಗಟ್ಟದೆ ಗಟ್ಟಿಯಾಗುವುದನ್ನು ಗಾಜಾಗುವುದು ಎನ್ನಬಹುದು, ಏಕೆಂದರೆ ಕಿಟಕಿಯ ಗಾಜು ಗಟ್ಟಿಯಾಗುವುದೂ ಇದೇ ಬಗೆಯಲ್ಲಿ.

ಡಾಂಬರೂ ಇದೇ ಕುಲದ್ದು. ಭಾರತದ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರು ಕನಿಷ್ಠ 47 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಮೆತ್ತಗಾಗಬಾರದು ಎಂಬುದು ನಿಯಮ. ಬೇಸಿಗೆಯ ಬಿಸಿಲಿನಲ್ಲಿ ರಸ್ತೆಯ ಮೈ 60 ಡಿಗ್ರಿಯನ್ನೂ ಮೀರುವುದರಿಂದ ಚಪ್ಪಲಿಗೆ ಅಂಟುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಿಸಿ ಮಾತ್ರವಲ್ಲ, ಸಮಯವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಮತ್ತು ಈ ಅಧ್ಯಾಯದ ಬೀಗದ ಕೈ ಇರುವುದು ಅಲ್ಲಿಯೇ. ಮೆತ್ತನೆಯ ಬೆಲ್ಲದ ಅಚ್ಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗು ಬೀಳುತ್ತದೆ, ಅದನ್ನೇ ಗುಂಡುಕಲ್ಲಿನಿಂದ ಜಜ್ಜಿದರೆ ಹೋಳಾಗುತ್ತದೆ. ಮೆಲ್ಲಗೆ ಒತ್ತಿದಾಗ ಅಣುಗಳಿಗೆ ಪಕ್ಕಕ್ಕೆ ಸರಿಯಲು ಬಿಡುವು ಸಿಗುತ್ತದೆ. ಥಟ್ಟನೆ ಹೊಡೆದಾಗ ಸಿಗುವುದಿಲ್ಲ, ಸರಿಯಲಾಗದ್ದು ಮುರಿಯುತ್ತದೆ. ಬಿಸಿ ಏರಿದಷ್ಟೂ ಅಣುಗಳು ಬೇಗ ಸರಿಯುತ್ತವೆ, ಇಳಿದಷ್ಟೂ ತಡಮಾಡುತ್ತವೆ. ಹಾಗಾಗಿ ಡಾಂಬರನ್ನು ಘನವೆಂದೋ ದ್ರವವೆಂದೋ ಕರೆಯುವುದಕ್ಕಿಂತ ಸಾವಕಾಶದ ದ್ರವ ಎಂದು ಕರೆಯುವುದು ಮೇಲು.

ಈ ಸಾವಕಾಶ ಎಷ್ಟರ ಮಟ್ಟಿನದೆಂದು ತೋರಿಸಲು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಥಾಮಸ್ ಪಾರ್ನೆಲ್ 1927ರಲ್ಲಿ ಡಾಂಬರಿನ ಸೋದರ ವಸ್ತುವಾದ ಪಿಚ್ಚನ್ನು ಕಾಯಿಸಿ ಗಾಜಿನ ಆಲಿಕೆಯೊಂದಕ್ಕೆ ಸುರಿದು, ಮೂರು ವರ್ಷ ತಣಿಯಲು ಬಿಟ್ಟು, 1930ರಲ್ಲಿ ಆಲಿಕೆಯ ಮೂತಿಯನ್ನು ಕತ್ತರಿಸಿದರು. ಅಂದಿನಿಂದ 2014ರವರೆಗೆ ಅದರಿಂದ ಬಿದ್ದದ್ದು ಒಂಬತ್ತು ಹನಿ. ಲೆಕ್ಕ ಹಾಕಿದಾಗ ಆ ಪಿಚ್ಚು ನೀರಿಗಿಂತ ಸುಮಾರು 23,000 ಕೋಟಿ ಪಟ್ಟು ಹೆಚ್ಚು ಸ್ನಿಗ್ಧ, ಅಂದರೆ ಹರಿಯಲು ಅಷ್ಟು ಪಟ್ಟು ಸೋಮಾರಿ, ಎಂದು ತಿಳಿಯಿತು. ಸುತ್ತಿಗೆಯ ಏಟಿಗೆ ಅದೇ ಪಿಚ್ಚು ಗಾಜಿನಂತೆ ಒಡೆಯುತ್ತದೆ.

ಹರಿಗೋಲಿಗೆ ಒಪ್ಪಿದ್ದು

ಹಂಪಿಯ ಹೊಳೆಯಲ್ಲಿ ಓಡಾಡುವ ಹರಿಗೋಲೂ ಒಂದು ಬಗೆಯ ಅಡಿಲೇಪದ ಮೇಲೆಯೇ ತೇಲುತ್ತದೆ. ಹದಿನಾರನೆಯ ಶತಮಾನದಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ, ಗರಗರನೆ ಸುತ್ತುತ್ತಲೇ ಮುಂದೆ ಸಾಗುವ ಈ ದೋಣಿಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಬಂದಿದೆ, ಅದರ ಮೇಲೆ ಡಾಂಬರು. ಲೇಪ ಬಿರುಕು ಬಿಟ್ಟರೆ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ, ಒಣಗಿಸಿ, ಹಳೆಯದರ ಮೇಲೆಯೇ ಹೊಸ ಡಾಂಬರು ಸವರಿದರೆ ಆಯಿತು.

ಇದೇ ಉಪಾಯವನ್ನು ಕಾರಿಗೂ ಮಾಡಬಹುದೆಂದು ತೋರುವುದು ಸಹಜ, ಹಾಗೆ ಮಾಡುವವರೂ ಕಡಿಮೆಯಿಲ್ಲ. ಆದರೆ ಹರಿಗೋಲಿನ ಹಂದರ ಬಿದಿರಿನದು. ಹೊರಗಿನ ನೀರು ಒಳಗೆ ಬಾರದಿದ್ದರೆ ಅದಕ್ಕೆ ಸಾಕು, ಬಂದ ಒಂದಿಷ್ಟು ತೇವ ಒಳಮೈಯಿಂದ ಗಾಳಿಗೆ ಆರಿಹೋಗುತ್ತದೆ. ಉಕ್ಕಿನ ತಗಡಿಗೂ ಲೇಪಕ್ಕೂ ನಡುವೆ ಒಮ್ಮೆ ಸೇರಿದ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ, ಮೇಲೆ ಬಳಿದ ಹೊಸ ಪದರ ಆ ನೀರಿಗೆ ಮುಚ್ಚಳವಾಗುತ್ತದೆ. ಹಳೆಯ ಲೇಪವನ್ನು ತೆಗೆಯಲೇಬೇಕಾಗುವುದು ಈ ಕಾರಣಕ್ಕೆ.

ನೀರು ಒಳಸೇರುವ ಬಗೆ

ಹೊಸ ಲೇಪವನ್ನು ಬಳಿದಾಗ ಅದು ತಗಡಿನ ಮೈಯ ಕಣ್ಣಿಗೆ ಕಾಣದ ತಗ್ಗುಗಳಿಗೆಲ್ಲ ಹರಿದು ತುಂಬಿಕೊಂಡು, ಗಟ್ಟಿಯಾದ ಮೇಲೆ ಸಾವಿರಾರು ಕೊಕ್ಕೆಗಳಂತೆ ಹಿಡಿಯುತ್ತದೆ. ಆದರೆ ವರ್ಷಗಳು ಕಳೆದಂತೆ ಡಾಂಬರಿನೊಳಗಿನ ಹಗುರವಾದ ಎಣ್ಣೆಯಂಶ ಆವಿಯಾಗುತ್ತದೆ, ಉಳಿದದ್ದರ ಜೊತೆ ಗಾಳಿಯ ಆಮ್ಲಜನಕ ಸೇರಿ ಗಟ್ಟಿಯಂಶ ಹೆಚ್ಚುತ್ತದೆ. 40 ಡಿಗ್ರಿ ದಾಟುವ ಬೇಸಿಗೆ ಈ ಮುಪ್ಪನ್ನು ಚುರುಕುಗೊಳಿಸುತ್ತದೆ. ಎಣ್ಣೆಯಾರಿದ ಡಾಂಬರಿನ ಅಣುಗಳಿಗೆ ಸರಿಯುವ ಸಾಮರ್ಥ್ಯ ಕುಗ್ಗಿರುವುದರಿಂದ, ಎಳೆಯದಾಗಿದ್ದಾಗ ಕಲ್ಲಿನ ಏಟಿಗೆ ಬಗ್ಗುತ್ತಿದ್ದ ಲೇಪ ಈಗ ಬಿರಿಯುತ್ತದೆ.

ಬಿರುಕಿನ ಬಾಯಿಗೆ ನೀರು ಬಂದ ಮೇಲೆ ಉಕ್ಕಿನ ಮೈ ಡಾಂಬರನ್ನು ಬಿಟ್ಟು ನೀರಿನ ಕೈಹಿಡಿಯುತ್ತದೆ. ಎಣ್ಣೆಯ ಕುಲದ ಡಾಂಬರಿಗಿಂತ ನೀರಿನ ಮೇಲೆಯೇ ಲೋಹಕ್ಕೂ ಗ್ರಾನೈಟಿನ ಜಾತಿಯ ಕಲ್ಲಿಗೂ ಒಲವು ಹೆಚ್ಚು. ಮಳೆಗಾಲದಲ್ಲಿ ಜಲ್ಲಿಯ ಮೈಯಿಂದ ಡಾಂಬರು ಕಳಚಿ ರಸ್ತೆಯಲ್ಲಿ ಗುಂಡಿ ಬೀಳುವುದಕ್ಕೂ ಇದೇ ಒಂದು ಮುಖ್ಯ ಕಾರಣ. ರಸ್ತೆಯ ಗುಂಡಿ ಎಲ್ಲರಿಗೂ ಕಾಣುತ್ತದೆ, ಕಾರಿನ ಹೊಟ್ಟೆಯದು ಕಾಣುವುದಿಲ್ಲ.

ಅದಿರಿಗೆ ಮರಳುವ ಕಬ್ಬಿಣ

ಸಂಡೂರಿನ ಗುಡ್ಡಗಳಲ್ಲಿ, ದೋಣಿಮಲೈಯಂಥ ಗಣಿಗಳಲ್ಲಿ ಅಗೆಯುವ ಹೆಮಟೈಟ್ ಅದಿರು ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಶುದ್ಧ ಹೆಮಟೈಟಿನ ತೂಕದ ನೂರು ಪಾಲಿನಲ್ಲಿ ಸುಮಾರು 70 ಪಾಲು ಕಬ್ಬಿಣ, ಉಳಿದದ್ದು ಆಮ್ಲಜನಕ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನಡೆಯುವುದೆಲ್ಲ, ಒಂದು ಮಾತಿನಲ್ಲಿ ಹೇಳುವುದಾದರೆ, ಕಲ್ಲಿದ್ದಲಿನ ಇಂಗಾಲವನ್ನೂ ಭಾರಿ ಶಾಖವನ್ನೂ ಕೊಟ್ಟು ಆ ಆಮ್ಲಜನಕವನ್ನು ಕಿತ್ತುಹಾಕುವ ಕೆಲಸ. ಬಲವಂತದಿಂದ ಬೇರೆಯಾದ ಈ ಕಬ್ಬಿಣ ನೀರು ಮತ್ತು ಗಾಳಿ ಒಟ್ಟಿಗೆ ಸಿಕ್ಕೊಡನೆ ಮತ್ತೆ ಆಮ್ಲಜನಕವನ್ನು ಕೂಡುತ್ತದೆ. ತುಕ್ಕೆಂದರೆ ನೀರುಗೂಡಿದ ಕಬ್ಬಿಣದ ಆಕ್ಸೈಡು. ಗುಡ್ಡದಲ್ಲಿದ್ದ ಅದಿರಿನ ಹತ್ತಿರದ ನೆಂಟ. ಸಂಡೂರಿನಿಂದ ಮೆತ್ತಿಕೊಂಡು ಬಂದ ಧೂಳೂ, ಲೇಪದ ಅಡಿಯಲ್ಲಿ ಹುಟ್ಟಿದ ಹುಡಿಯೂ ಬಣ್ಣದಲ್ಲಿ ಒಂದನ್ನೊಂದು ಹೋಲುವುದು ಇದರಿಂದ.

ಮುಚ್ಚಿದ ಜಾಗದಲ್ಲಿ ಗಾಳಿ ಕಡಿಮೆಯಾದ್ದರಿಂದ ತುಕ್ಕೂ ಕಡಿಮೆಯಿರಬೇಕೆಂದು ತರ್ಕಿಸಬಹುದು. ನಡೆಯುವುದು ಇದರ ತಿರುವುಮುರುವು. ಬಿರುಕಿನ ಬಾಯಲ್ಲಿ ನೀರಿಗೆ ಗಾಳಿ ಧಾರಾಳವಾಗಿ ಸಿಗುತ್ತದೆ, ಒಳಗಿನ ಇಕ್ಕಟ್ಟಿನಲ್ಲಿ ಸಿಗುವುದಿಲ್ಲ. ಈ ಅಸಮತೆಯಿಂದ ಒಂದೇ ತಗಡಿನ ಎರಡು ಜಾಗಗಳು ಒಂದು ಪುಟ್ಟ ಬ್ಯಾಟರಿಯ ಎರಡು ತುದಿಗಳಾಗುತ್ತವೆ. ಗಾಳಿಯಿರುವ ತುದಿಯಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನು ಬೇಡುತ್ತದೆ, ಗಾಳಿಯಿಲ್ಲದ ತುದಿಯ ಕಬ್ಬಿಣ ಅವನ್ನು ಒದಗಿಸುತ್ತ ತಾನು ಕರಗುತ್ತದೆ. ಆದ್ದರಿಂದ ಹೊರಗೆ ಬೆರಳಗಲದ ಕಲೆ ಕಂಡ ಕಡೆ ಒಳಗೆ ಅಂಗೈಯಗಲ ತಗಡು ತೆಳುವಾಗಿರುವುದುಂಟು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಹಂಪಿಯ ಬಂಡೆಗಳ ಮೇಲೆ ಹಲ್ಲಿನ ಸಾಲಿನಂತೆ ಕಾಣುವ ಚೌಕ ಗುಳಿಗಳನ್ನು ತೋರಿಸಿ, ಅವುಗಳಲ್ಲಿ ಒಣಮರದ ಬೆಣೆ ಬಡಿದು ನೀರುಣಿಸಿದಾಗ ಬೆಣೆ ಉಬ್ಬಿ ಬಂಡೆ ಸೀಳುತ್ತಿತ್ತೆಂದು ಗೈಡುಗಳು ಹೇಳುವುದನ್ನು ಕೇಳಿದವರಿಗೆ ಇದರ ಫಲ ಸುಲಭವಾಗಿ ತಿಳಿಯುತ್ತದೆ. ಉಬ್ಬಿದ ತುಕ್ಕು ಲೇಪವನ್ನು ಬೆಣೆಯಂತೆ ಮೇಲಕ್ಕೆತ್ತುತ್ತದೆ, ಎತ್ತಿದ ಸಂದಿಗೆ ಇನ್ನಷ್ಟು ನೀರು ನುಗ್ಗುತ್ತದೆ. ಲೇಪ ಹಪ್ಪಳದಂತೆ ಎದ್ದು ಬರುವ ಜಾಗದ ಗುಟ್ಟು ಇದು. ಅದನ್ನು ತೆಗೆಯುವ ಕೆಲಸ ತುಕ್ಕೇ ಅರ್ಧ ಮುಗಿಸಿರುತ್ತದೆ.

ಬಿಸಿಯ ದಾರಿ

ಕಷ್ಟವಿರುವುದು ಇನ್ನೂ ಕಚ್ಚಿಕೊಂಡಿರುವ ಭಾಗದಲ್ಲಿ. ಹೊಸಪೇಟೆಯ ಸಾಧಾರಣ ಹಗಲಿನ ಬಿಸಿ, ದುರದೃಷ್ಟವಶಾತ್, ಡಾಂಬರಿಗೆ ಎಲ್ಲಕ್ಕಿಂತ ಕೆಟ್ಟ ಹದ: ಕೆರೆದರೆ ಸಿಡಿಯದಷ್ಟು ಮೆತ್ತಗೆ, ಎಳೆದರೆ ಬಾರದಷ್ಟು ಗಟ್ಟಿ. ವೈರ್ ಬ್ರಷ್ ಕೂರಿಸಿದ ಗ್ರೈಂಡರನ್ನು ಹಿಡಿದರೆ ಉಜ್ಜುವ ಶಾಖಕ್ಕೆ ಲೇಪ ಕರಗಿ, ತಂತಿಯ ನಡುವೆ ಸಿಕ್ಕಿಕೊಂಡು, ಸ್ವಚ್ಛವಾಗಿದ್ದ ತಗಡಿಗೂ ಕಪ್ಪು ಸವರುತ್ತದೆ. ಈ ಹದದಿಂದ ಮೇಲಕ್ಕೋ ಕೆಳಕ್ಕೋ ಹೋಗಬೇಕು.

ಮೇಲಕ್ಕೆ ಹೋಗಲು ಹೀಟ್ ಗನ್ ಸಾಕು. ತಪ್ಪಾಗುವುದು ಸಾಮಾನ್ಯವಾಗಿ ಬಿಸಿ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ: ಹೊಗೆಯೇಳುವಷ್ಟು ಕಾಯಿಸಿದರೆ ಡಾಂಬರು ಎಳೆಪಾಕವಾಗಿ ಎಲ್ಲೆಡೆ ಹರಡುತ್ತದೆ. ಬೇಕಾದದ್ದು ತೊಗಲಿನ ಹದ, ಅಂದರೆ ಸ್ಕ್ರೇಪರ್ ತಳ್ಳಿದಾಗ ಲೇಪ ಪಟ್ಟಿಪಟ್ಟಿಯಾಗಿ ಸುರುಳಿಕೊಂಡು ಏಳುವ ಹದ. ಇಲ್ಲಿ ಚಿಕ್ಕಿಯ ತಟ್ಟೆ ಇನ್ನೊಂದು ಜಾಣತನವನ್ನು ಕಲಿಸುತ್ತದೆ. ತಟ್ಟೆಗೆ ಕಚ್ಚಿದ ಚಿಕ್ಕಿಯನ್ನು ಬಿಡಿಸಲು ಯಾರೂ ಚಿಕ್ಕಿಯನ್ನು ಕಾಯಿಸುವುದಿಲ್ಲ, ತಟ್ಟೆಯ ಅಡಿಯನ್ನು ಒಂದು ಕ್ಷಣ ಉರಿಗೆ ಹಿಡಿಯುತ್ತಾರೆ. ತಟ್ಟೆಗೆ ತಾಗಿದ ತೆಳುಪದರ ಮಾತ್ರ ಸಡಿಲಗೊಂಡು ಇಡೀ ಹೋಳು ಜಾರಿ ಬರುತ್ತದೆ. ಕಾರಿನಲ್ಲೂ ಸೀಟು, ಮ್ಯಾಟುಗಳನ್ನು ತೆಗೆದು ತಗಡನ್ನು ಒಳಗಡೆಯಿಂದ ಬೆಚ್ಚಗೆ ಮಾಡಿ ಹೊರಗಡೆಯಿಂದ ಕೆರೆದರೆ, ಮೇಲುಪದರ ಗಟ್ಟಿಯಾಗಿದ್ದುಕೊಂಡೇ ಅಂಟಿನ ಪದರ ಸೋಲುತ್ತದೆ, ಲೇಪ ಹಾಳೆಯಾಗಿ ಬರುತ್ತದೆ.

ಬ್ಲೋ ಟಾರ್ಚಿನ ಬೆಂಕಿಗೆ ಇಲ್ಲಿ ಜಾಗವಿಲ್ಲ. ತಳದಲ್ಲೇ ಪೆಟ್ರೋಲಿನ ಕೊಳವೆ, ಬ್ರೇಕಿನ ಕೊಳವೆ, ವೈರುಗಳು ಹಾಯ್ದಿರುತ್ತವೆ. ಲೇಪ ಪಿವಿಸಿಯದಾಗಿದ್ದರೆ ಸುಟ್ಟಾಗ ಉಸಿರಿನ ನಾಳವನ್ನು ಕೆಡಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಬಹಳ ಹಳೆಯ ಕೆಲವು ಲೇಪಗಳಲ್ಲಿ ನಾರಿಗಾಗಿ ಕಲ್ನಾರನ್ನು ಬೆರೆಸಿರುವುದೂ ಉಂಟು, ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಒಣದಾಗಿ ಉಜ್ಜಿ ಧೂಳೆಬ್ಬಿಸುವುದಕ್ಕಿಂತ ಬೆಚ್ಚಗೆ ಮಾಡಿ ಕೆರೆಯುವುದೇ ಈ ದೃಷ್ಟಿಯಿಂದಲೂ ಲೇಸು.

ಚಳಿಯ ದಾರಿ

ಕೆಳಕ್ಕೆ ಹೋಗುವ ದಾರಿ ನೋಡಲು ಹೆಚ್ಚು ಸೊಗಸು. ಒಣ ಮಂಜು, ಅಂದರೆ ಗಟ್ಟಿಗೊಳಿಸಿದ ಇಂಗಾಲದ ಡೈಆಕ್ಸೈಡು, ಶೂನ್ಯಕ್ಕಿಂತ ಸುಮಾರು 78 ಡಿಗ್ರಿ ಕೆಳಗಿದ್ದು, ನೀರಾಗದೆ ನೇರ ಅನಿಲವಾಗುತ್ತದೆ. ಇದರ ಚೂರುಗಳನ್ನು ಕಾರಿನ ಒಳನೆಲದ ಮೇಲೆ ಹರಡಿ ತಗಡನ್ನು ತಣಿಸಿದರೆ ಡಾಂಬರು ಎರಡು ಕಡೆಯಿಂದ ಸೋಲುತ್ತದೆ. ಅದರ ಅಣುಗಳು ಸಿಕ್ಕಿಕೊಂಡು ಅದು ಗಾಜಾಗುವುದು ಒಂದು. ಇನ್ನೊಂದು, ತಣಿದಾಗ ಉಕ್ಕಿಗಿಂತ ಡಾಂಬರು ಎಷ್ಟೋ ಹೆಚ್ಚು ಕುಗ್ಗುತ್ತದೆ: 80 ಡಿಗ್ರಿ ತಣಿದ ಒಂದು ಮೀಟರ್ ಉಕ್ಕು ಸುಮಾರು ಒಂದು ಮಿಲಿಮೀಟರ್ ಕುಗ್ಗಿದರೆ, ಅಷ್ಟೇ ಉದ್ದದ ಡಾಂಬರು ಅದರ ಹಲವು ಪಟ್ಟು ಕುಗ್ಗಬಯಸುತ್ತದೆ. ತಗಡಿಗೆ ಅಂಟಿಕೊಂಡಿರುವುದರಿಂದ ಕುಗ್ಗಲಾಗದೆ ಬಿಗಿದು ನಿಂತ ಲೇಪಕ್ಕೆ ರಬ್ಬರ್ ಸುತ್ತಿಗೆಯ ಒಂದು ಏಟು ಸಾಕು, ಬಳೆ ಒಡೆದಂತೆ ಚೂರುಚೂರಾಗಿ ಉದುರುತ್ತದೆ. ಒಳನೆಲದಲ್ಲಿ ಸದ್ದಡಗಿಸಲು ಅಂಟಿಸಿರುವ ಡಾಂಬರಿನ ಹಾಸುಗಳಿಗೆ ಇದಕ್ಕಿಂತ ಉತ್ತಮ ಉಪಾಯವಿಲ್ಲ. ಆದರೆ ತುಂಬ ರಬ್ಬರು ಬೆರೆತ ಲೇಪ ಈ ಚಳಿಯಲ್ಲೂ ಒಂದಿಷ್ಟು ಬಗ್ಗುತ್ತದೆ, ಅಲ್ಲಿ ಬಿಸಿಯೇ ಗತಿ.

ದನಗಳ ಕೃತಕ ಗರ್ಭಧಾರಣೆಗಾಗಿ ಪಶು ಆಸ್ಪತ್ರೆಗಳಲ್ಲಿ ಇಟ್ಟಿರುವ ಕ್ಯಾನುಗಳಲ್ಲಿನ ದ್ರವ ಸಾರಜನಕ ಇನ್ನೂ ತಣ್ಣಗೆ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ; ಕೆಲಸ ಅದರಿಂದಲೂ ಆಗುತ್ತದೆ. ಉಕ್ಕಿನ ಕಾರ್ಖಾನೆಗಳಲ್ಲಿ ಗಾಳಿಯಿಂದ ಬೇರ್ಪಡಿಸುವ ದ್ರವ ಆಮ್ಲಜನಕವೂ ಹೆಚ್ಚು ಕಡಿಮೆ ಅಷ್ಟೇ ತಣ್ಣಗಿದ್ದರೂ ಅದನ್ನು ಡಾಂಬರಿನ ಹತ್ತಿರ ಸುಳಿಯಗೊಡಬಾರದು, ದ್ರವ ಆಮ್ಲಜನಕ ಹೀರಿದ ಡಾಂಬರು ಕಾಲ್ತುಳಿತಕ್ಕೂ ಸಿಡಿಯಬಲ್ಲ ಮದ್ದು. ಒಣ ಮಂಜಿನದು ಬೇರೆ ಬಗೆಯ ಅಪಾಯ: ಅದರಿಂದ ಏಳುವ ಅನಿಲ ಗಾಳಿಗಿಂತ ಭಾರವಾದದ್ದರಿಂದ ಗ್ಯಾರೇಜಿನ ಗುಂಡಿಯಲ್ಲಿ ಸದ್ದಿಲ್ಲದೆ ತುಂಬಿಕೊಂಡು, ಅಲ್ಲಿ ನಿಂತವನಿಗೆ ಉಸಿರಾಡಲು ಗಾಳಿಯೇ ಇಲ್ಲದಂತೆ ಮಾಡುತ್ತದೆ. ಈ ಕೆಲಸವನ್ನು ಗುಂಡಿಯಲ್ಲಿ ಎಂದೂ ಮಾಡಬಾರದು.

ಉಳಿದ ಕಲೆ

ಲೇಪ ಹೋದ ಮೇಲೂ ಕಪ್ಪು ಮಸಿಯೊಂದು ಉಳಿಯುತ್ತದೆ. ಕೈಗೆ ಮೆತ್ತಿದ ಹಲಸಿನ ಮೇಣ ಎಷ್ಟು ನೀರಿಗೂ ಹೋಗದೆ ಎಣ್ಣೆ ಸವರಿದೊಡನೆ ಬಿಡುವಂತೆ, ತೈಲದಿಂದ ಬಂದ ಡಾಂಬರು ತೈಲದ ಕುಲದ ಸೀಮೆಎಣ್ಣೆಗೋ ಡೀಸೆಲ್ಲಿಗೋ ಕರಗುತ್ತದೆ. ಪೆಟ್ರೋಲೂ ಕರಗಿಸುತ್ತದೆ, ಆದರೆ ಅದರ ಆವಿ ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಮೊದಲಿನಿಂದಲೇ ಎಣ್ಣೆ ಸುರಿದು ಇಡೀ ಲೇಪವನ್ನು ಕರಗಿಸಲು ಹೊರಡುವುದು ದಡ್ಡತನ. ಅದು ಲೇಪವನ್ನು ತೆಗೆಯುವುದಿಲ್ಲ, ತೆಳುವಾಗಿಸಿ ಬೆಸುಗೆಯ ಸಂದುಗೊಂದುಗಳಿಗೆ ತಳ್ಳುತ್ತದೆ. ಒರೆಸಿದ ಚಿಂದಿಯನ್ನೂ ಕೆರೆದ ಚೂರುಗಳನ್ನೂ ಡಬ್ಬಿಯಲ್ಲಿ ತುಂಬಿಡಬೇಕು, ಚರಂಡಿಗೆ ತೊಳೆದರೆ ಅದು ಸೇರುವುದು ತುಂಗಭದ್ರೆಯನ್ನು.

ಬೆತ್ತಲೆ ತಗಡು

ಹೀಗೆ ಬರಿದಾದ ಉಕ್ಕಿಗೆ ತೇವದ ದಿನಗಳಲ್ಲಿ ಕೆಲವೇ ಗಂಟೆಗಳಲ್ಲಿ ನಸುಗೆಂಪು ಛಾಯೆ ಹತ್ತುತ್ತದೆ, ಆದ್ದರಿಂದ ಎಣ್ಣೆಯ ಜಿಡ್ಡನ್ನು ತಿನ್ನರಿನಿಂದ ಒರೆಸಿ ಅದೇ ದಿನ ಪ್ರೈಮರ್ ಬಳಿಯಬೇಕು. ಅಂಗಡಿಗಳಲ್ಲಿ ಸಿಗುವ ಅಗ್ಗದ ಪ್ರೈಮರಿಗೆ ರೆಡ್ ಆಕ್ಸೈಡ್ ಎಂದು ಹೆಸರು, ಆ ಕೆಂಪು ಮತ್ತೇನಲ್ಲ, ಕಬ್ಬಿಣದ ಆಕ್ಸೈಡೇ. ಸಂಡೂರಿನ ಗುಡ್ಡದ ಆ ಕೆಂಪು ಅಂಟಿನಲ್ಲಿ ಬೆರೆತು ನಯವಾದ ಪದರವಾದಾಗ ತಗಡನ್ನು ಕಾಯುತ್ತದೆ. ಆ ಕೆಂಪಿನೊಳಗಿನ ಕಬ್ಬಿಣ ಆಗಲೇ ಸೇರಬೇಕಾದ ಆಮ್ಲಜನಕವನ್ನು ಸೇರಿಯಾಗಿದೆ, ಇನ್ನು ಅದಕ್ಕೆ ತುಕ್ಕು ಹಿಡಿಯಲು ಏನೂ ಉಳಿದಿಲ್ಲ.

ಇಡೀ ತಳವನ್ನು ಬೋಳಿಸಲೇಬೇಕೆಂದೇನೂ ಇಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಹಿಡಿದ ಲೇಪ ಒಂದು ಸದ್ದು ಕೊಡುತ್ತದೆ, ಅಡಿಯಲ್ಲಿ ಟೊಳ್ಳಾದದ್ದು ಒಡಕು ಮಡಕೆಯ ಸದ್ದು ಕೊಡುತ್ತದೆ. ಮೊದಲನೆಯದನ್ನು ಮುಟ್ಟದಿರುವುದೇ ಜಾಣತನ, ಏಕೆಂದರೆ ಅದು ಇನ್ನೂ ತನ್ನ ಕೆಲಸ ಮಾಡುತ್ತಿದೆ. ಹೊಸ ಲೇಪ ಬಳಿಯುವ ಮುನ್ನ ಬಾಗಿಲುಗಳ ಅಡಿಯಲ್ಲೂ ಹೊಸ್ತಿಲಿನಂತೆ ಅವುಗಳ ಕೆಳಗೆ ಉದ್ದಕ್ಕೆ ಹಾಯುವ ಟೊಳ್ಳು ಪಟ್ಟಿಗಳ ತಳದಲ್ಲೂ ನೀರು ಇಳಿಯಲೆಂದು ಕಾರ್ಖಾನೆಯವರು ಬಿಟ್ಟಿರುವ ಸಣ್ಣ ತೂತುಗಳನ್ನು ಹುಡುಕಬೇಕು. ಹಳೆಯ ಡಾಂಬರು ಮುಚ್ಚಿರುವುದು ಹೆಚ್ಚಾಗಿ ಅವನ್ನೇ. ಅವುಗಳನ್ನು ಕಡ್ಡಿಯಿಂದ ತೆರೆದು, ಬಾಗಿಲಿನ ಗಾಜಿನ ಸಂದಿಯಲ್ಲಿ ಒಂದು ಚೊಂಬು ನೀರು ಸುರಿದು, ಅದು ಕೆಳಗೆ ಪೂರ್ತಿ ಇಳಿದುಬರುವವರೆಗೆ ಬ್ರಷ್ಷನ್ನು ಡಬ್ಬಿಗೆ ಅದ್ದಬಾರದು.